ಹಿರಿಯರ ಮಳೆ ಲೆಕ್ಕ ಈಗಲೂ ನಡೆಯುತ್ತದಾ? ಪಂಚಾಯತ್ ದಾಖಲಾತಿಯಲ್ಲಿ ಏನು ಬರೆಯೋದು?

ಬೈಲುಮನೆ (ಕಾರ್ಕಳ ಕಡೆ)
ಎಲ್ಲರಿಗೂ ನಮಸ್ಕಾರ. ನಮ್ಮ ಪಂಚಾಯತಿನ ಜೀವವೈವಿಧ್ಯ ಸಮಿತಿಗೆ ನನ್ನನ್ನೂ ಸೇರಿಸಿದ್ದಾರೆ. 2002ರ ಕಾಯ್ದೆ ಪ್ರಕಾರ ಊರಿನ ಗಿಡ, ಪ್ರಾಣಿ, ಬೀಜ, ಅವುಗಳ ಬಗ್ಗೆ ಜನರಿಗೆ ಗೊತ್ತಿರುವುದು ಎಲ್ಲ ಒಂದು ದಾಖಲಾತಿಯಲ್ಲಿ ಬರೆದಿಡಬೇಕು. ಹಿಂದೆ ಯಾರೋ ಗುತ್ತಿಗೆಯವರು ಮಾಡಿ ಕೊಟ್ಟದ್ದು ಉಂಟು. ತೆರೆದು ನೋಡಿದರೆ ಬೇರೆ ಊರಿನ ಪಟ್ಟಿಯನ್ನೇ ನಕಲು ಹೊಡೆದಿದ್ದಾರೆ. ನಮ್ಮಲ್ಲಿ ಇಲ್ಲದ ಮರಗಳೂ ಅದರಲ್ಲಿವೆ.

ಈ ಸಲ ಸರಿಯಾಗಿ ಮಾಡೋಣ ಅಂತ. ಮಳೆ ತಪ್ಪಿದಾಗ, ನೆರೆ ಬಂದಾಗ, ನೀರು ಬತ್ತಿದಾಗ ಹಿಂದಿನವರು ಏನು ಮಾಡುತ್ತಿದ್ದರು ಅನ್ನೋದಕ್ಕೆ ಒಂದು ಭಾಗ ಇಡಬೇಕು ಅಂತ ನನ್ನ ಆಸೆ. ಕೊರಗರು, ಮಲೆಕುಡಿಯರು, ಕುಡುಬಿಯವರು, ಮೊಗವೀರರು, ರೈತರು, ಎಲ್ಲರದ್ದೂ. ಸಭೆಯಲ್ಲಿ ಇದನ್ನು ಹೇಳಿದ ಕೂಡಲೇ ಒಬ್ಬರು, "ಅದೆಲ್ಲ ಹಳೇ ಕಾಲದ್ದು ಮಾರಾಯ್ರೆ, ಈಗ ಮೊಬೈಲಿಗೇ ರೆಡ್ ಅಲರ್ಟ್ ಬರುತ್ತದಲ್ಲ" ಅಂದರು. ನೀವೇನು ಹೇಳುತ್ತೀರಿ?

ಕಂಬುಲ_ಪ್ರೇಮಿ
ರೆಡ್ ಅಲರ್ಟ್ ಬಂದ ದಿನ ಶಾಲೆಗೆ ರಜೆ, ಆಕಾಶದಲ್ಲಿ ಬಿಸಿಲು. ಅದೂ ಒಂದು ಹೊಸ ಸಂಪ್ರದಾಯ ಅಂತ ಬರೆದುಕೊಳ್ಳಿ 😄

ಹವಾಮಾನ_ಹುಚ್ಚ
ಸಭೆಯಲ್ಲಿ ಹೇಳಿದವರ ಮಾತು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಪತ್ತನಾಜೆಯನ್ನೇ ನೋಡಿ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24-25ರ ಸುಮಾರಿಗೆ. ಕೋಲ, ಕಂಬಳ, ಯಕ್ಷಗಾನದ ತಿರುಗಾಟ ಎಲ್ಲ ನಿಲ್ಲಿಸಿ ಗದ್ದೆಗೆ ಇಳಿಯುವ ಲೆಕ್ಕ. ಆ ದಿನ ಹತ್ತು ಹನಿಯಾದರೂ ಬೀಳಬೇಕು ಅಂತ ಅಜ್ಜಿಯಂದಿರು ಹೇಳುವುದುಂಟು. ಆದರೆ 2023ರಲ್ಲಿ ಕೇರಳಕ್ಕೇ ಮುಂಗಾರು ಬಂದದ್ದು ಜೂನ್ 8ಕ್ಕೆ. ಆ ಬೇಸಿಗೆ ಮಂಗಳೂರಲ್ಲಿ ನಳ್ಳಿ ನೀರು ಯಾವ ದಿನ ಬರುತ್ತದೆ ಅಂತ ಕಾಯುತ್ತಾ ಕೂತದ್ದು ನೆನಪಿಲ್ವಾ?

ಕಂಬುಲ_ಪ್ರೇಮಿ
2025ರಲ್ಲಿ ಮೇ 24ಕ್ಕೇ ಬಂತಲ್ಲ! ಪತ್ತನಾಜೆ ದಿನವೇ. ಅಜ್ಜಿ ಪಾಸ್.

ಹವಾಮಾನ_ಹುಚ್ಚ
ಒಂದು ವರ್ಷ ಸರಿ ಬಂದರೆ ಲೆಕ್ಕ ಸರಿ ಅಂತ ಆಗುವುದಿಲ್ಲ. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಒಂದು ವರ್ಷ ಒಂದು ವಾರ ತಡ, ಇನ್ನೊಂದು ವರ್ಷ ಒಂದು ವಾರ ಬೇಗ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ತಿಂಗಳಿಡೀ ಸುರಿಯಬೇಕಾದದ್ದು ಎರಡು ದಿನದಲ್ಲಿ ಸುರಿದು ಹೋಗುತ್ತದೆ. 2018ರ ಮೇ 29ಕ್ಕೆ ಮಂಗಳೂರು ಮುಳುಗಿತು. 2020ರ ಸೆಪ್ಟೆಂಬರ್ 20ಕ್ಕೆ ಉಡುಪಿ ಮುಳುಗಿತು, ಆಗ ಮಳೆಗಾಲದ ಸೋಣ ತಿಂಗಳು ಮುಗಿದಾಗಿತ್ತು. ಯಾವ ಪಂಚಾಂಗದಲ್ಲೂ ಅದು ಇರಲಿಲ್ಲ.

ಪಡ್ಡಾಯಿ_ಗಾಳಿ (ಮಲ್ಪೆ)
ನಾನು ಕಡಲಿಗೆ ಹೋಗುವವನು. ಅಪ್ಪ ನಾಡದೋಣಿಯಲ್ಲಿದ್ದರು, ಅಜ್ಜ ರಂಪಣಿ ಬಲೆಯಲ್ಲಿದ್ದರು. ಹುಚ್ಚಣ್ಣ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ ಉಂಟು, ಆದರೆ ಅರ್ಧ ಮಾತ್ರ.

ಚಂಡಮಾರುತದ ವಿಷಯದಲ್ಲಿ ಅಜ್ಜನ ಲೆಕ್ಕ ಸಾಕಾಗುವುದಿಲ್ಲ. ಮೊದಲು ಬಂಗಾಳ ಕೊಲ್ಲಿಯ ಕಡೆಯೇ ಜಾಸ್ತಿ ಅಂತಿತ್ತು. ಈಗ ನಮ್ಮ ಕಡೆಯೂ ಶುರುವಾಗಿದೆ. 2017ರಲ್ಲಿ ಓಖಿ, 2019ರಲ್ಲಿ ಕ್ಯಾರ್, 2021ರ ಮೇ ತಿಂಗಳಲ್ಲಿ ತೌಕ್ತೆ. ತೌಕ್ತೆ ಬಂದಾಗ ಪಡುಬಿದ್ರಿ, ಕಾಪು ಕಡೆ ಏನಾಯ್ತು ಅಂತ ಎಲ್ಲರೂ ನೋಡಿದ್ದೇವೆ. ಅಂಥ ಹೊತ್ತಿಗೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಅಲೆಯ ಮುನ್ಸೂಚನೆ, ಹವಾಮಾನ ಇಲಾಖೆಯ ಎಚ್ಚರಿಕೆ ಇವೇ ಗತಿ. ಅದನ್ನು ಬಿಟ್ಟು "ನಮಗೆ ಗೊತ್ತುಂಟು" ಅಂತ ಹೋದರೆ ಹೆಣ ಸಿಗುವುದಿಲ್ಲ.

ಆದರೆ ಮೀನು ಹಿಡಿಯುವುದರಲ್ಲಿ ಕಥೆ ಬೇರೆ. ಉಪಗ್ರಹದವರು ನೀರಿನ ಬಿಸಿ, ಪಾಚಿಯ ಬಣ್ಣ ನೋಡಿ ಇಲ್ಲಿ ಮೀನು ಇರಬಹುದು ಅಂತ ಹೇಳುತ್ತಾರೆ. ಅಪ್ಪ ದೋಣಿಯಿಂದಲೇ ನೀರಿನ ಬಣ್ಣ, ಹಕ್ಕಿ ಮುಳುಗುವ ರೀತಿ, ಅಮಾವಾಸ್ಯೆ ರಾತ್ರಿ ನೀರೊಳಗಿನ ಹೊಳಪು ನೋಡಿ ಬಂಗುಡೆಯಾ ಬೂತಾಯಿಯಾ ಅಂತ ಹೇಳುತ್ತಿದ್ದರು. ಈಗ ನಾವು ಎರಡನ್ನೂ ಸೇರಿಸುತ್ತೇವೆ. ಎಲ್ಲಿಗೆ ಹೋಗಬೇಕು ಅಂತ ಮೊಬೈಲು ಹೇಳುತ್ತದೆ. ಹೋದ ಮೇಲೆ ಬಲೆ ಯಾವಾಗ ಬಿಡಬೇಕು ಅಂತ ಹೇಳುವವನು ದೋಣಿ ನಡೆಸುವ ತಂಡೇಲನೇ.

ಇನ್ನೊಂದು. ಈಗ ಜೂನ್ 1ರಿಂದ ಜುಲೈ 31, ಯಂತ್ರದ ದೋಣಿಗಳಿಗೆ 61 ದಿನ ನಿಷೇಧ. ಇದನ್ನು ಸರಕಾರ ಕಂಡುಹಿಡಿದ ಹಾಗೆ ಮಾತಾಡುತ್ತಾರೆ. ಮಳೆಗಾಲದಲ್ಲಿ ದೊಡ್ಡ ಕಡಲಿಗೆ ಹೋಗದೆ, ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಹಾಲೆರೆದು ತೆಂಗಿನಕಾಯಿ ಬಿಟ್ಟು ಮತ್ತೆ ಇಳಿಯುವುದು ನಮ್ಮಲ್ಲಿ ಮೊದಲಿನಿಂದಲೂ ಇತ್ತು.

ಮುರಕಲ್ಲು (ಮಂಗಳೂರು)
ಅಣ್ಣ, ಅದು ಮೀನಿನ ಮೇಲಿನ ಪ್ರೀತಿಯಾ? ಮಳೆಗಾಲದ ಅಲೆಗೆ ಚಿಕ್ಕ ದೋಣಿ ತಡೆಯುವುದಿಲ್ಲ ಅಂತ ಅಲ್ವಾ? ಎಲ್ಲದಕ್ಕೂ "ನಮ್ಮ ಹಿರಿಯರು ಪರಿಸರವಾದಿಗಳು" ಅಂತ ಬಣ್ಣ ಹಚ್ಚುವುದು ಬೇಡ.

ಪಡ್ಡಾಯಿ_ಗಾಳಿ (ಮಲ್ಪೆ)
ಪ್ರೀತಿ ಅಂತ ನಾನೆಲ್ಲಿ ಹೇಳಿದೆ? ಹೆದರಿಕೆಯೇ. ಆದರೆ ಹೆದರಿಕೆಯಿಂದಲೂ ಮೊಟ್ಟೆ ಇಡುವ ಕಾಲಕ್ಕೆ ಮೀನು ಉಳಿಯುತ್ತಿತ್ತಲ್ಲ. 70ರ ದಶಕದಲ್ಲಿ ಯಂತ್ರದ ದೋಣಿಯ ಪರ್ಸೀನ್ ಬಲೆ ಬಂದ ಮೇಲೆ ಆ ಹೆದರಿಕೆ ಹೋಯಿತು, ರಂಪಣಿಯೂ ಮುಳುಗಿತು. ಊರಿಡೀ ದಡದಲ್ಲಿ ನಿಂತು ಎಳೆದು ಪಾಲು ಮಾಡಿಕೊಳ್ಳುತ್ತಿದ್ದ ಬಲೆ ಅದು. ಈಗ ಕೈರಂಪಣಿ ಮಾತ್ರ ಅಲ್ಲಲ್ಲಿ ಉಂಟು. 2017ರಲ್ಲಿ ಲೈಟ್ ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ನಿಷೇಧಿಸಿತು. ಈಗಲೂ ರಾತ್ರಿ ದಡದಲ್ಲಿ ನಿಂತು ನೋಡಿ, ಕಡಲಲ್ಲಿ ದೀಪಾವಳಿ.

ಬೂತಾಯಿ ಕತೆ ಕೇಳುವುದೇ ಬೇಡ. ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದು 2021ರಲ್ಲಿ 3,500 ಟನ್ನಿಗೂ ಕಡಿಮೆ. ನಮ್ಮಲ್ಲೂ ಆಗ ಬಡವರ ಮೀನು ಶ್ರೀಮಂತರ ಮೀನಾಯಿತು.

ಹವಾಮಾನ_ಹುಚ್ಚ
ಅಣ್ಣ ಹೇಳಿದ ಚಂಡಮಾರುತದ ಮಾತಿಗೆ ಅಂಕಿ ಸೇರಿಸುತ್ತೇನೆ. 1982ರಿಂದ 2019ರ ಲೆಕ್ಕ ನೋಡಿದರೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳ ಸಂಖ್ಯೆ 52% ಜಾಸ್ತಿಯಾಗಿದೆ. ಬಂಗಾಳ ಕೊಲ್ಲಿಯಲ್ಲಿ ಸ್ವಲ್ಪ ಕಡಿಮೆಯೇ ಆಗಿದೆ.

ಪತ್ರೊಡೆ_ಪುಟ್ಟಿ
ಆಟಿ ತಿಂಗಳ (ಜುಲೈ-ಆಗಸ್ಟ್) ಅಡುಗೆಯನ್ನೂ ಬರೆಯಿರಿ! ತಜಂಕ್, ಕಣಿಲೆ, ಉಪ್ಪಡ್ ಪಚ್ಚಿಲ್, ಹಲಸಿನ ಬೀಜದ ಸಾಂತಾಣಿ, ಒಣಮೀನು. ಮಳೆಗೆ ಕೆಲಸ ಇಲ್ಲ, ಮನೆಯಲ್ಲಿ ಅಕ್ಕಿ ಇಲ್ಲ ಅನ್ನುವ ಕಾಲಕ್ಕೆ ಬೇಸಿಗೆಯಲ್ಲೇ ತಯಾರಿ ನಡೆಯುತ್ತಿತ್ತು. ಇದೂ ಹವಾಮಾನದ ಜ್ಞಾನವೇ ತಾನೇ? ಮೊನ್ನೆ ನಮ್ಮ ಸಂಘದವರು "ಆಟಿಡೊಂಜಿ ದಿನ" ಮಾಡಿದರು, ಐವತ್ತು ಬಗೆ ಇತ್ತು. ಪಾಲೆ ಮರದ ಕಷಾಯವೂ ಇತ್ತು, ಕುಡಿದು ಮುಖ ನೋಡಬೇಕಿತ್ತು ಎಲ್ಲರದ್ದು.

ಕಂಬುಲ_ಪ್ರೇಮಿ
ಪಾಲೆ ಅಂತ ಬೇರೆ ಮರದ ತೊಗಟೆ ತಂದು ಆಸ್ಪತ್ರೆ ಸೇರುವವರು ಪ್ರತಿ ವರ್ಷ ಇರುತ್ತಾರೆ. ಗೊತ್ತಿದ್ದವರ ಹತ್ತಿರವೇ ತರಿಸಿ ಪುಟ್ಟಕ್ಕ.

ಬೂರು_ಬುಟ್ಟಿ (ಉಡುಪಿ ಜಿಲ್ಲೆ)
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಕೊರಗ ಸಮುದಾಯದವಳು. ಬೈಲುಮನೆಯವರು ಪಟ್ಟಿಯಲ್ಲಿ ನಮ್ಮನ್ನು ಮೊದಲು ಬರೆದಿದ್ದಾರೆ, ಆದರೆ ಇಲ್ಲಿ ಎಲ್ಲರೂ ತಮ್ಮ ತಮ್ಮ ಅಜ್ಜನ ಬಗ್ಗೆಯೇ ಮಾತಾಡುತ್ತಿದ್ದಾರೆ. ಅಕ್ಕ, ಬೇಜಾರು ಮಾಡಬೇಡಿ. ಐವತ್ತು ಬಗೆಯ ಆಟಿ ಊಟಕ್ಕೆ ಟಿಕೆಟ್ ಮಾಡುತ್ತಾರೆ. ಆಟಿಯಲ್ಲಿ ನಿಜವಾಗಿ ಕಾಡಿನ ಗೆಡ್ಡೆ ಸೊಪ್ಪಿನಿಂದಲೇ ಬದುಕಿದವರು ಆ ಸಭಾಂಗಣದ ಹೊರಗೇ ಇದ್ದರು.

ನಮ್ಮ ಮನೆಯಲ್ಲಿ ಬುಟ್ಟಿ ಹೆಣೆಯುವುದು ಕಾಡಿನ ಬೂರಿನಿಂದ. ಅಮ್ಮ ಬಳ್ಳಿಯನ್ನು ಬುಡದಿಂದ ಕೀಳುವುದಿಲ್ಲ. ಬಲಿತದ್ದನ್ನು ಮಾತ್ರ ಕೊಯ್ಯುತ್ತಾರೆ, ಎಳೆಯದ್ದು ಬಿಡುತ್ತಾರೆ. ಒಂದು ಸಲ ಕೊಯ್ದ ಕಡೆಗೆ ಮರುವರ್ಷ ಹೋಗುವುದಿಲ್ಲ. ಯಾವ ತೋಡಿನ ಬದಿಯಲ್ಲಿ ಬಳ್ಳಿ ಒಣಗುತ್ತಿದೆ, ಯಾವ ಗುಡ್ಡದಲ್ಲಿ ಅಣಬೆ ಏಳುವುದು ತಡವಾಗುತ್ತಿದೆ ಅಂತ ಅವರಿಗೆ ಗೊತ್ತಿದ್ದಷ್ಟು ಯಾವ ಅಧಿಕಾರಿಗೂ ಗೊತ್ತಿಲ್ಲ. ಆದರೆ ಕಾಡಿಗೆ ಹೋದರೆ ಕೇಸು. ಕಾಡೇ ಅಕೇಶಿಯ ಆಗಿಬಿಟ್ಟ ಕಡೆ ಕೇಸೂ ಬೇಕಾಗಿಲ್ಲ, ಅಲ್ಲಿ ಬೂರು ಇಲ್ಲ. ಮಾರುಕಟ್ಟೆಗೆ ಹೋದರೆ ಪ್ಲಾಸ್ಟಿಕ್ ಬುಟ್ಟಿ.

ಕಾಡಿಗೆ ಹೋಗದ ಮಕ್ಕಳಿಗೆ ಈ ಜ್ಞಾನ ಹೇಗೆ ಬರಬೇಕು? ದಾಖಲಾತಿ ಓದಿಯಾ?

ಬೂರು_ಬುಟ್ಟಿ (ಉಡುಪಿ ಜಿಲ್ಲೆ)
ಇನ್ನೂ ಒಂದು ಮಾತು. "ನಮ್ಮ ಸಂಪ್ರದಾಯ" ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಕಂಬಳದ ಹಿಂದಿನ ರಾತ್ರಿ ಇಬ್ಬನಿಯಲ್ಲಿ ಕೂತು ಡೋಲು ಬಡಿಯಬೇಕಾಗಿದ್ದವರು ನಮ್ಮವರು. ನಮ್ಮವರಿಂದ ಇಂಥ ಹೀನ ಸೇವೆ ಮಾಡಿಸುವ ಅಜಲು ಪದ್ಧತಿ ನಿಷೇಧಿಸಲು 2000ನೇ ಇಸವಿಯಲ್ಲಿ ಕಾಯ್ದೆಯೇ ಬೇಕಾಯಿತು. ಅದೂ ಸಂಪ್ರದಾಯವೇ ಆಗಿತ್ತು.

ಕಂಬುಲ_ಪ್ರೇಮಿ
ಇದಕ್ಕೆ ನಾನು ಏನೂ ತಮಾಷೆ ಮಾಡುವುದಿಲ್ಲ. ಸರಿಯಾಗಿಯೇ ಹೇಳಿದ್ದೀರಿ.

ಘಟ್ಟದ_ಬುಡ (ಬೆಳ್ತಂಗಡಿ)
ಬೂರು_ಬುಟ್ಟಿ ಅಕ್ಕ ಹೇಳಿದ್ದು ಮಲೆಕುಡಿಯರಿಗೂ ಹಾಗೇ ಅನ್ವಯಿಸುತ್ತದೆ. ಕುದುರೆಮುಖವನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ಒಳಗಿದ್ದವರು ತಮ್ಮದೇ ಮನೆಯಲ್ಲಿ ಒತ್ತುವರಿದಾರರಾದರು. ಅದೇ ಗುಡ್ಡದಲ್ಲಿ ಕಬ್ಬಿಣದ ಅದಿರಿನ ಗಣಿ 2005ರ ಕೊನೆಯವರೆಗೂ ನಡೆಯಿತು! ಏಲಕ್ಕಿ, ಜೇನು, ರಾಮಪತ್ರೆ ತರುವವನಿಂದ ಕಾಡಿಗೆ ತೊಂದರೆ, ಗಣಿಯಿಂದ ಇಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಮುದಾಯದ ಹಕ್ಕು ಅಂತಲೇ ಒಂದು ಭಾಗ ಇದೆ. ಕಿರು ಉತ್ಪನ್ನ ಸಂಗ್ರಹಿಸುವುದು, ಕಾಡನ್ನು ಕಾಯುವುದು, ತಮ್ಮ ಸಾಂಪ್ರದಾಯಿಕ ಜ್ಞಾನದ ಮೇಲಿನ ಹಕ್ಕು, ಎಲ್ಲ. ಬೈಲುಮನೆಯವರೇ, ನಿಮ್ಮ ದಾಖಲಾತಿಯ ಜೊತೆ ಆ ಅರ್ಜಿಗಳು ಎಲ್ಲಿಗೆ ಬಂದವು ಅಂತಲೂ ಪಂಚಾಯತಿನಲ್ಲಿ ಕೇಳಿ. ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಡಾರ್ವಿನ್_ಕುಂದಾಪ್ರ
ಹ್ವಾಯ್, ಆಸ್ಟ್ರೇಲಿಯಾದಿಂದ. ಇಲ್ಲಿ ಉತ್ತರದ ಆರ್ನೆಮ್ ಲ್ಯಾಂಡ್‌ನಲ್ಲಿ ಮೂಲನಿವಾಸಿಗಳು ಬೇಸಿಗೆಯ ಶುರುವಿನಲ್ಲಿ, ಹುಲ್ಲು ಇನ್ನೂ ಅರ್ಧ ಹಸಿ ಇರುವಾಗಲೇ ಅಲ್ಲಲ್ಲಿ ಸಣ್ಣ ಬೆಂಕಿ ಹಾಕುತ್ತಾರೆ. ಬೆಂಕಿ ಮೆಲ್ಲಗೆ ಹರಿದು ಆರಿ ಹೋಗುತ್ತದೆ. ಬೇಸಿಗೆಯ ಕೊನೆಗೆ ಸಿಡಿಲು ಬಡಿದು ದೊಡ್ಡ ಬೆಂಕಿ ಎದ್ದರೂ ಹರಡಲು ಹುಲ್ಲಿರುವುದಿಲ್ಲ. ಬಿಳಿಯರು ಇವರನ್ನು ಜಾಗದಿಂದ ಎಬ್ಬಿಸಿದ ಮೇಲೆ ಆ ಪದ್ಧತಿ ನಿಂತಿತ್ತು, ದೊಡ್ಡ ಕಾಡ್ಗಿಚ್ಚು ಜಾಸ್ತಿಯಾಯಿತು. 2006ರಿಂದ ಮತ್ತೆ ಶುರು ಮಾಡಿದರು. ಎಷ್ಟು ಹೊಗೆ ಕಡಿಮೆಯಾಯಿತು ಅಂತ ಅಳೆದು, ಡಾರ್ವಿನ್‌ನ ಗ್ಯಾಸ್ ಘಟಕದವರು ಅದಕ್ಕೆ ದುಡ್ಡು ಕೊಡುವ ಒಪ್ಪಂದ ಆಯಿತು. ಕೆಲಸ ಮಾಡುವವರು ಆ ಜಾಗದ ಜನರೇ.

ನಮ್ಮಲ್ಲೂ ಹೀಗೆ ಮಾಡಬಹುದಲ್ವಾ?

ಘಟ್ಟದ_ಬುಡ (ಬೆಳ್ತಂಗಡಿ)
ದಯವಿಟ್ಟು ಬೇಡ! ಅಲ್ಲಿಯದು ಹುಲ್ಲಿನ ನಡುವೆ ನೀಲಗಿರಿ ಜಾತಿಯ ಮರಗಳಿರುವ ಒಣ ಪ್ರದೇಶ. ನಮ್ಮದು ನಿತ್ಯಹರಿದ್ವರ್ಣ ಕಾಡು, ಬೆಂಕಿ ತಾಗಿದರೆ ಎಳೆ ಗಿಡ ಎಲ್ಲ ಸಾಯುತ್ತದೆ. ಇಲ್ಲಿ ಬೆಂಕಿ ಇಟ್ಟು ಬೇಸಾಯ ಮಾಡುತ್ತಿದ್ದದ್ದು ಕುಮೇರಿಯಲ್ಲಿ. ಕುಡುಬಿಯವರು, ಮಲೆಕುಡಿಯರು ಒಂದು ತುಂಡು ಕಡಿದು ಸುಟ್ಟು ಬೆಳೆದು ವರ್ಷಗಟ್ಟಲೆ ಪಾಳು ಬಿಡುತ್ತಿದ್ದರು. ಬ್ರಿಟಿಷರು 1860ರ ಸುಮಾರಿಗೆ ಅದನ್ನು ನಿಲ್ಲಿಸಿದರು. ಈಗ ಅಷ್ಟು ಪಾಳು ಬಿಡಲು ಯಾರ ಹತ್ತಿರ ಕಾಡುಂಟು?

ಡಾರ್ವಿನ್_ಕುಂದಾಪ್ರ
ಬೆಂಕಿಯನ್ನೇ ತನ್ನಿ ಅಂತಲ್ಲ ಮಾರಾಯ್ರೆ. ಗೊತ್ತಿರುವವರಿಗೆ ಜಾಗ ವಾಪಸ್ ಕೊಟ್ಟು, ಸಂಬಳ ಕೊಟ್ಟು ಕೆಲಸ ಮಾಡಿಸುತ್ತಾರಲ್ಲ, ಅದು.

ಬೂರು_ಬುಟ್ಟಿ (ಉಡುಪಿ ಜಿಲ್ಲೆ)
ಹಾಂ. ಅದನ್ನು ಬರೆದುಕೊಳ್ಳಿ ಬೈಲುಮನೆ ಅಣ್ಣ.

ಸುರಂಗ_ನೀರು (ಅಡ್ಯನಡ್ಕ)
ನೀರಿನ ವಿಷಯಕ್ಕೆ ಯಾರೂ ಬರಲಿಲ್ಲವಲ್ಲ! ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆ, ಮೇ ತಿಂಗಳಲ್ಲಿ ಟ್ಯಾಂಕರ್. ನಾಚಿಕೆ.

ನಮ್ಮಲ್ಲಿ ಸುರಂಗ ಉಂಟು. ಗುಡ್ಡಕ್ಕೆ ಅಡ್ಡಲಾಗಿ, ಮುರ (ಜಂಬಿಟ್ಟಿಗೆ) ಮಣ್ಣಿನಲ್ಲಿ, ಒಬ್ಬ ಮನುಷ್ಯ ಹೋಗುವಷ್ಟು ಅಗಲ ಕೊರೆಯುವುದು. ನೀರಿನ ಒರತೆ ಸಿಗುವವರೆಗೆ ಹೋಗುತ್ತಾರೆ. ಒಳಗೆ ಗಾಳಿ ಉಂಟಾ ಅಂತ ತಿಳಿಯಲು ಮೊಂಬತ್ತಿ ಹಚ್ಚಿಡುತ್ತಾರೆ, ಆರಿದರೆ ಹೊರಗೆ ಓಡಬೇಕು. ನೀರು ತಾನಾಗಿ ಹರಿದು ಬರುತ್ತದೆ, ಪಂಪೂ ಬೇಡ, ಕರೆಂಟೂ ಬೇಡ. ಕಾಸರಗೋಡು, ಬಂಟ್ವಾಳ, ಪುತ್ತೂರು ಕಡೆ ಇಂಥವು ತುಂಬ ಇವೆ. 2022ರಲ್ಲಿ ಪದ್ಮಶ್ರೀ ಬಂದ ಅಮೈ ಮಹಾಲಿಂಗ ನಾಯ್ಕರು ನಮ್ಮ ಕಡೆಯವರೇ. ಕೂಲಿ ಕೆಲಸ ಮುಗಿಸಿ ಬಂದು ಒಬ್ಬರೇ ಕೊರೆದದ್ದು. ಮೊದಲಿನ ಸುರಂಗಗಳಲ್ಲಿ ನೀರು ಬರಲಿಲ್ಲ, ಜನ ನಕ್ಕರು, ಅವರು ಬಿಡಲಿಲ್ಲ. ಬೋಳು ಗುಡ್ಡ ಈಗ ತೋಟ.

ಕಟ್ಟವನ್ನೂ ಬರೆಯಿರಿ. ಮಳೆ ನಿಂತ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಮರದ ತುಂಡು ಹಾಕಿ ಊರವರೇ ಕಟ್ಟುವುದು. ಮುಂದಿನ ಮಳೆಗೆ ತಾನೇ ಕೊಚ್ಚಿ ಹೋಗುತ್ತದೆ. ಬಾವಿಗಳಲ್ಲಿ ನೀರು ನಿಲ್ಲುತ್ತದೆ. ಗುಡ್ಡದ ಮೇಲೆ ಮಳೆನೀರು ನಿಲ್ಲುವ ಮದಕಗಳು ಬೇರೆ. ಅವುಗಳಲ್ಲಿ ಅರ್ಧ ಈಗ ಆಟದ ಮೈದಾನ ಆಗಿವೆ.

ಮುರಕಲ್ಲು (ಮಂಗಳೂರು)
ಸುರಂಗ ಚಂದ, ಒಪ್ಪುತ್ತೇನೆ. ಆದರೆ ಇಂಜಿನಿಯರ್ ಆಗಿ ಒಂದು ಪ್ರಶ್ನೆ. ಸುರಂಗ ಮಾಡುವುದು ಗುಡ್ಡದೊಳಗೆ ಇರುವ ನೀರನ್ನು ಹೊರಗೆ ಬಿಡುವ ಕೆಲಸ. ಗುಡ್ಡದ ಮೇಲೆ ಮಣ್ಣು ತೆಗೆದು ಲೇಔಟ್ ಮಾಡಿದರೆ, ಪಕ್ಕದಲ್ಲಿ ಬೋರ್‌ವೆಲ್ ಕೊರೆದರೆ, ಅಲ್ಲಿ ನೀರು ಎಲ್ಲಿಂದ ಬರಬೇಕು? ಒಂದೇ ಸಲ ಸುರಿಯುವ ಮಳೆ ಇಂಗುವುದೂ ಕಡಿಮೆ. ಹಳೇ ತಂತ್ರ ಕೆಲಸ ಮಾಡಲು ಹಳೇ ಗುಡ್ಡವೇ ಬೇಕು.

ಸುರಂಗ_ನೀರು (ಅಡ್ಯನಡ್ಕ)
ಅದನ್ನೇ ನಾನೂ ಹೇಳುವುದು ಸರ್. ಸುರಂಗದ ಮನೆಯವರು ಮೇಲಿನ ಗುಡ್ಡ ಬೋಳಿಸುತ್ತಿರಲಿಲ್ಲ. ಸೊಪ್ಪಿನ ಗುಡ್ಡ ಅಂತ ಬಿಡುತ್ತಿದ್ದರು. ಈಗ ಅಲ್ಲೆಲ್ಲ ರಬ್ಬರ್.

ಗಜನಿ_ಗದ್ದೆ (ಕುಮಟಾ)
ಉತ್ತರ ಕನ್ನಡದವನು, ಮಧ್ಯೆ ಬಾಯಿ ಹಾಕುತ್ತೇನೆ. ಅಘನಾಶಿನಿ ನದಿಯ ಉಪ್ಪುನೀರಿನ ಗಜನಿ ಗದ್ದೆಯಲ್ಲಿ ನಾವು ಬೆಳೆಯುವುದು ಕಗ್ಗ ಭತ್ತ. ಎತ್ತರದ ತಳಿ. ಉಪ್ಪು ತಡೆಯುತ್ತದೆ, ಕೆಲವು ದಿನ ನೀರಲ್ಲಿ ಮುಳುಗಿದರೂ ಸಾಯುವುದಿಲ್ಲ. ಗೊಬ್ಬರ, ಮದ್ದು ಬೇಡ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು. ಸಮುದ್ರ ಏರುತ್ತದೆ ಅಂತ ಹೆದರುವ ನಿಮ್ಮ ಕರಾವಳಿಗೂ ಇದು ಬೇಕಾಗಬಹುದು. ಆದರೆ ಸೀಗಡಿ ಹೊಂಡ ಬಂದ ಮೇಲೆ ಕಗ್ಗ ಬೆಳೆಯುವವರು ಕಡಿಮೆ. ಬೀಜ ಉಳಿದಿರುವುದು ಮಾಣಿಕಟ್ಟದಂಥ ಕೆಲವೇ ಕಡೆ.

ಬೈಲುಮನೆ
ತುಂಬ ಉಪಯೋಗ ಆಯಿತು. ನಮ್ಮಲ್ಲೂ ಎತ್ತರದ ಬೆಟ್ಟು, ನಡುವಿನ ಮಜಲು, ತಗ್ಗಿನ ಬೈಲು ಅಂತ ಮೂರು ಥರದ ಗದ್ದೆಗೆ ಬೇರೆ ಬೇರೆ ಬೀಜ ಇತ್ತು. ಎಣೆಲ್, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ. ಮಳೆ ಕಡಿಮೆಯಾದರೆ ಬೆಟ್ಟುಗದ್ದೆ ಹೋಗುತ್ತಿತ್ತು, ಬೈಲು ಉಳಿಯುತ್ತಿತ್ತು. ನೆರೆ ಬಂದರೆ ಬೈಲು ಹೋಗಿ ಬೆಟ್ಟು ಉಳಿಯುತ್ತಿತ್ತು. ಈಗ ಎಲ್ಲ ಕಡೆ ಎಂಒ-4 ಭತ್ತ, ಇಲ್ಲದಿದ್ದರೆ ಅಡಿಕೆ.

ಪತ್ರೊಡೆ_ಪುಟ್ಟಿ
ಬೀಜದ ಬಗ್ಗೆ ಕೇಳುವುದಿದ್ದರೆ ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರ ಕೆಲಸ ನೋಡಿ. ರಾಜಕಯಮೆ ಉಳಿಸಿ ಬೆಳೆಸಿದವರು, 650ಕ್ಕೂ ಹೆಚ್ಚು ಭತ್ತದ ತಳಿ ಕಾಪಾಡಿದ್ದಾರೆ. 2024ರಲ್ಲಿ ಪದ್ಮಶ್ರೀ ಬಂತು. ದೊಡ್ಡ ಜಮೀನೂ ಇಲ್ಲ ಅವರಿಗೆ, ಚೀಲದಲ್ಲಿ ಬೆಳೆಸಿ ಬೀಜ ಮಾಡುತ್ತಾರೆ.

ಬೂರು_ಬುಟ್ಟಿ, ನಿಮ್ಮ ಮಾತು ಓದಿದೆ. ಮುಂದಿನ ಸಲ ಟಿಕೆಟ್ ಇಡುವವರಿಗೆ ಇದನ್ನು ತೋರಿಸುತ್ತೇನೆ.

ಕಂಬುಲ_ಪ್ರೇಮಿ
ನಾಗಬನ ಬಿಟ್ಟುಹೋಯಿತು. ಮೊದಲು ಸುರಗಿ, ಬೋಗಿ, ಬಳ್ಳಿ ತುಂಬಿ ಒಳಗೆ ಬಿಸಿಲೇ ಬೀಳುತ್ತಿರಲಿಲ್ಲ. ಪಕ್ಕದ ಬಾವಿ ಬತ್ತುತ್ತಿರಲಿಲ್ಲ. ಈಗ ಮರ ಕಡಿದು ಟೈಲ್ಸ್ ಹಾಕಿ ಸ್ಟೀಲ್ ಬೇಲಿ. ನಾಗನಿಗೂ ಎಸಿ ಬೇಕಾದೀತು.

ಮುರಕಲ್ಲು (ಮಂಗಳೂರು)
ಅದಕ್ಕೆ ದುಡ್ಡು ಕೊಟ್ಟದ್ದೂ "ಸಂಪ್ರದಾಯ ಉಳಿಸಬೇಕು" ಅನ್ನುವವರೇ 🙏

ಪಡ್ಡಾಯಿ_ಗಾಳಿ (ಮಲ್ಪೆ)
ಕಡಲಕೊರೆತಕ್ಕೂ ಅದೇ ಕತೆ. ದಡದಲ್ಲಿ ಮುಂಡೇವು (ಕೇದಗೆ ಜಾತಿ), ಅಡುಂಬು ಬಳ್ಳಿ, ಹೊಳೆ ಬಾಯಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಇತ್ತು. ರೆಸಾರ್ಟಿಗೆ ನೋಟ ಬೇಕು ಅಂತ ಎಲ್ಲ ತೆಗೆದರು. ಮರಳು ಹೋಯಿತು. ಆಮೇಲೆ ಕೋಟಿಗಟ್ಟಲೆ ಕಲ್ಲು ತಂದು ಸುರಿದರು. ಒಂದು ಕಡೆ ಕಲ್ಲು ಹಾಕಿದರೆ ಅದರ ಪಕ್ಕದ ಮನೆಯ ಹಿತ್ತಿಲು ಕಡಲಿಗೆ ಹೋಗುತ್ತದೆ, ಉಳ್ಳಾಲದವರನ್ನು ಕೇಳಿ.

ಪತ್ರೊಡೆ_ಪುಟ್ಟಿ
ಮುಂಡೇವು ಎಲ್ಲೂ ಸಿಗದೆ, ಅದರ ಎಲೆಯಲ್ಲಿ ಇಡ್ಲಿ ಬೇಯಿಸುವ ಮೂಡೆಗೆ ಅಷ್ಟಮಿಯಲ್ಲಿ ರೇಟು ನೋಡಿದಿರಾ? ನಾವು ಕಳೆದ ವರ್ಷ ಇಡ್ಲಿ ಪಾತ್ರೆಯಲ್ಲೇ ಮುಗಿಸಿದೆವು.

ಹವಾಮಾನ_ಹುಚ್ಚ
ವಿಷಯಕ್ಕೆ ವಾಪಸ್ ಬರೋಣ. 2015ರ ಪ್ಯಾರಿಸ್ ಒಪ್ಪಂದದ 7ನೇ ವಿಧಿಯಲ್ಲೇ ಮೂಲನಿವಾಸಿಗಳ ಜ್ಞಾನ, ಸ್ಥಳೀಯ ಜ್ಞಾನವನ್ನು ಬಳಸಬೇಕು ಅಂತ ಇದೆ. ಹಾಗಾಗಿ ಬೈಲುಮನೆಯವರ ಕೆಲಸ "ಹಳೇ ಕಾಲದ್ದು" ಅಲ್ಲ. ನನ್ನ ಸಲಹೆ: ಪ್ರತಿ ಮಾತಿನ ಜೊತೆ ವರ್ಷ, ಜಾಗ ಬರೆಯಿರಿ. "ಹೊಳೆ ಇಲ್ಲಿಯವರೆಗೆ ಬಂದಿತ್ತು" ಅಂದರೆ ಯಾವ ಮರದ ಬುಡದವರೆಗೆ? ಅಂಥದ್ದು ಇದ್ದರೆ ನೆರೆ ನಕ್ಷೆ ಮಾಡುವವರಿಗೆ ಚಿನ್ನ.

ಬೂರು_ಬುಟ್ಟಿ (ಉಡುಪಿ ಜಿಲ್ಲೆ)
ನೆರೆ, ಹೊಳೆ ಎಲ್ಲ ಬರೆಯಿರಿ. ಮದ್ದಿನ ಗಿಡದ ವಿಷಯ ಮಾತ್ರ ಕೇಳದೆ ಬರೆಯಬೇಡಿ. ಕೇರಳದ ಕಾಣಿ ಜನರ ಕತೆ ಗೊತ್ತಿರಬಹುದು. ಅಗಸ್ತ್ಯಮಲೆಯಲ್ಲಿ ದಣಿವಾಗದಂತೆ ತಿನ್ನುವ ಆರೋಗ್ಯಪಚ್ಚೆಯನ್ನು ವಿಜ್ಞಾನಿಗಳಿಗೆ ತೋರಿಸಿದ್ದು ಅವರು. ಅದರಿಂದ "ಜೀವನಿ" ಅನ್ನುವ ಔಷಧ ಆಯಿತು. ಪರವಾನಗಿಯ ದುಡ್ಡಿನಲ್ಲಿ, ರಾಯಧನದಲ್ಲಿ ಅರ್ಧ ಪಾಲು ಕಾಣಿಗಳಿಗೆ ಅಂತ ಆಯಿತು. ಆ ಕಾಲಕ್ಕೆ ಅಷ್ಟಾದರೂ ಸಿಕ್ಕಿತು. 2023ರ ತಿದ್ದುಪಡಿಯಲ್ಲಿ ಗ್ರಂಥಗಳಲ್ಲಿ ದಾಖಲಾದ ಜ್ಞಾನ ಬಳಸುವವರು ಲಾಭದ ಪಾಲು ಕೊಡಬೇಕಾಗಿಲ್ಲ ಅಂತ ಮಾಡಿದ್ದಾರೆ. ನಮ್ಮದು ಬಾಯಿಮಾತಿನ ಜ್ಞಾನ, ಅದಕ್ಕೆ ಇನ್ನೂ ರಕ್ಷಣೆ ಉಂಟು. ನೀವು ಬರೆದು ಎಲ್ಲರಿಗೂ ಸಿಗುವ ಹಾಗೆ ಇಟ್ಟ ಮೇಲೆ ಏನಾಗುತ್ತದೆ?

ಬೈಲುಮನೆ
ಅಕ್ಕ, ಗಿಡದ ಹೆಸರು, ಉಪಯೋಗ ಇರುವ ಪುಟಗಳನ್ನು ಬೇರೆ ಇಟ್ಟು, ಹೇಳಿದವರ ಒಪ್ಪಿಗೆ ಇಲ್ಲದೆ ಯಾರಿಗೂ ತೋರಿಸಬಾರದು ಅಂತ ಸಮಿತಿಯಲ್ಲಿ ನಿರ್ಣಯ ಮಾಡಿದರೆ ಆಗಬಹುದಾ? ಹೇಳಿದವರ ಹೆಸರಲ್ಲೇ ಬರೆಯೋಣ. ಸಮಿತಿಯಲ್ಲಿ ನಿಮ್ಮವರು ಒಬ್ಬರೂ ಇಲ್ಲ, ಅದೂ ಆಗಬೇಕು.

ಬೂರು_ಬುಟ್ಟಿ (ಉಡುಪಿ ಜಿಲ್ಲೆ)
ಒಬ್ಬರನ್ನು ಕೂರಿಸಿ ಸಹಿ ಹಾಕಿಸಿಕೊಳ್ಳುವುದಾದರೆ ಬೇಡ. ಕಾಲನಿಗೆ ಬಂದು ಸಭೆ ಮಾಡಿ. ಸಂಜೆ ಹೊತ್ತು ಬನ್ನಿ, ಹಗಲು ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ. ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ, ಒಪ್ಪುತ್ತಾರೆ ಅಂತ ಹೇಳಲಾರೆ.

ನೀರ್_ಕೊಡಿ (ವಿಟ್ಲ)
ಎಲ್ಲ ಓದಿದೆ. ಸುರಂಗ_ನೀರು ಅಣ್ಣ, ಈಗಲೂ ಸುರಂಗ ಕೊರೆಯುವವರು ಯಾರಾದರೂ ಇದ್ದಾರಾ? ಬೋರ್‌ವೆಲ್ ಎರಡು ಫೇಲ್ ಆಯಿತು. ನಂಬರ್ ಇದ್ದರೆ ಹಾಕಿ.

ಸುರಂಗ_ನೀರು (ಅಡ್ಯನಡ್ಕ)
ನಂಬರ್ ಇಲ್ಲಿ ಹಾಕುವುದು ಬೇಡ, ಖಾಸಗಿ ಮೆಸೇಜ್ ಮಾಡಿ. ಒಬ್ಬರಿದ್ದಾರೆ, ವಯಸ್ಸಾಗಿದೆ. ಜಾಗ ನೋಡಿ ಹೇಳುತ್ತಾರೆ, ಕೊರೆಯಲು ಹುಡುಗರು ಬೇಕು. ಮೇಲಿನ ಗುಡ್ಡ ಯಾರದ್ದು?

ನೀರ್_ಕೊಡಿ (ವಿಟ್ಲ)
ದೊಡ್ಡಪ್ಪಂದು. ರಬ್ಬರ್ ಉಂಟು, ಒಂದು ಬದಿ ಮುರಕಲ್ಲು ತೆಗೆದಿದ್ದಾರೆ.

ಸುರಂಗ_ನೀರು (ಅಡ್ಯನಡ್ಕ)
ಹಾಗಾದರೆ ಮೊದಲು ದೊಡ್ಡಪ್ಪನ ಹತ್ತಿರ ಮಾತಾಡಿ. ಆ ಕಲ್ಲು ತೆಗೆದ ಹೊಂಡಕ್ಕೆ ಈ ಮಳೆಗೆ ನೀರು ಬಿಡಿ, ಇಂಗುತ್ತದಾ ನೋಡಿ. ಆಮೇಲೆ ಅಜ್ಜನನ್ನು ಕರೆದುಕೊಂಡು ಬರುತ್ತೇನೆ.